ಬರುವ ಕರೆಗಷ್ಟೇ ಇದ್ದ ನಂಬರು

ದೆಹಲಿಯ ಜನಕಪುರಿಯ ಜಗನ್ನಾಥರ ಬಾಯಲ್ಲಿ ಮೊಬೈಲಿನ ಬಗ್ಗೆ ಒಂದಾದರೂ ಒಳ್ಳೆಯ ಮಾತು ಬರಿಸಬೇಕೆಂದು ಮಗಳು ಗಗನಾ ಬಹಳ ಪ್ರಯತ್ನಪಟ್ಟಿದ್ದಳು. ಗುರುಗ್ರಾಮದಲ್ಲಿ ಕೆಲಸ ಸಿಕ್ಕ ವರ್ಷ ಅಪ್ಪನಿಗೆಂದು ಸ್ಮಾರ್ಟ್‌ಫೋನ್ ತಂದುಕೊಟ್ಟಳು. ಅವರು ಡಬ್ಬವನ್ನು ತಲೆಕೆಳಗು ಮಾಡಿ ಅಲ್ಲಾಡಿಸಿ, ಚಾರ್ಜರ್ ಎಲ್ಲಿ ಎಂದರು. ಈಗ ಕೊಡುವುದಿಲ್ಲವಂತೆ, ಅದು ಪರಿಸರಕ್ಕೆ ಒಳ್ಳೆಯದಂತೆ ಎಂದಳು ಮಗಳು.

"ಪರಿಸರದ ಮೇಲೆ ಅಷ್ಟು ಪ್ರೀತಿ ಇರೋರು ಬ್ಯಾಟರಿನ ಯಾಕೆ ಅಂಟು ಹಾಕಿ ಕೂರಿಸ್ತಾರೆ? ಅದು ಸತ್ತರೆ ಫೋನೂ ಜೊತೆಗೆ ಸಾಯಲಿ ಅಂತ ತಾನೇ?"

ಆಮೇಲೆ ಅವರ ಸಿಟ್ಟಿಗೆ ಕಾರಣಗಳು ಒಂದರ ಹಿಂದೊಂದು ಸಿಗುತ್ತಲೇ ಹೋದವು. ಅಪ್‌ಡೇಟ್ ಆದ ಮರುದಿನ ಕರೆ ಎತ್ತುವ ಗುಂಡಿ ಬೇರೆ ಕಡೆ ಹೋಗಿ ಕೂತಿತ್ತು. ಇವತ್ತು ಮಳೆ ಬರುತ್ತದೆಯೇ ಎಂದು ನೋಡಲು ಹೋದರೆ ಮೊದಲು ಸಾಲದ ಜಾಹೀರಾತು. ರೀಚಾರ್ಜ್ ಮಾಡಲು ಕಂಪನಿಯ ಆ್ಯಪ್ ತೆರೆದರೆ ಅದು ಅವರ ಫೋಟೋಗಳನ್ನೆಲ್ಲ ನೋಡಲು ಅನುಮತಿ ಕೇಳಿತು. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಸೇರಿದವರು ಜಗನ್ನಾಥ. ಯಾವುದೇ ಸಂಗತಿಗೆ ಕಾರಣ ತಿಳಿಯದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಈ ಕಂಪನಿಗಳ ನಡವಳಿಕೆಗೆ ಅವರಿಗೆ ಕಂಡ ಕಾರಣ ಒಂದೇ: ಗಿರಾಕಿ ಎಲ್ಲಿಗೂ ಹೋಗಲಾರ ಎಂಬ ಧೈರ್ಯ.

ಅವರು ಸಿಟ್ಟಾಗದೆ ಮುಟ್ಟುತ್ತಿದ್ದ ಫೋನು ಒಂದೇ ಒಂದಿತ್ತು. ನಡುಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ ಯಾವಾಗಲೂ ಚಾರ್ಜಿಗೆ ಸಿಕ್ಕಿಸಿಕೊಂಡೇ ಇರುತ್ತಿದ್ದ, ಅಕ್ಷರ ಮಾಸಿದ ಗುಂಡಿಗಳ ಹಳೆಯ ಫೋನು. ದೆಹಲಿಗೆ ಬಂದ ಹೊಸದರಲ್ಲಿ ತೆಗೆದುಕೊಂಡ ನಂಬರು ಅದರಲ್ಲಿತ್ತು. ಆಗ ಊರಿನ ಕಡೆಯಿಂದ ಯಾರೋ ಒಬ್ಬರು ಮಗನನ್ನು ಸಂದರ್ಶನಕ್ಕೆ ಕರೆತಂದು ಸ್ಟೇಷನ್ನಿನಲ್ಲಿ ದಿಕ್ಕು ತೋಚದೆ ನಿಂತಿದ್ದಾಗ ಇವರು ಹೋಗಿ ಕರೆತಂದಿದ್ದರು. ಅವರು ಊರಿಗೆ ಹೋಗಿ ಆ ನಂಬರನ್ನು ಇನ್ನೊಬ್ಬರಿಗೆ ಕೊಟ್ಟರು, ಆ ಇನ್ನೊಬ್ಬರು ಮತ್ತೊಬ್ಬರಿಗೆ. ದೊಡ್ಡಾಸ್ಪತ್ರೆಗೆ ಬರುವವರು, ಪರೀಕ್ಷೆಗೆ ಬರುವವರು, ಹರಿದ್ವಾರದಿಂದ ಮರಳುವಾಗ ಪರ್ಸು ಕಳೆದುಕೊಂಡವರು, ಎಲ್ಲರೂ ದೆಹಲಿಯಲ್ಲಿ ಇಳಿದು ಅದೇ ನಂಬರು ಒತ್ತುತ್ತಿದ್ದರು.

ಅದಕ್ಕೇ ಮನೆಯಲ್ಲಿ ಒಂದು ಕಟ್ಟುನಿಟ್ಟು. ಆ ಫೋನಿನಿಂದ ಯಾರೂ ಹೊರಗೆ ಕರೆ ಮಾಡಕೂಡದು. ನೀವು ಹರಟುತ್ತಿರುವ ಹೊತ್ತಿಗೇ ಯಾರೋ ಸ್ಟೇಷನ್ನಿನಲ್ಲಿ ನಿಂತು ಪ್ರಯತ್ನಿಸುತ್ತಿರಬಹುದು ಎಂದು ಜಗನ್ನಾಥರು ಹೇಳಿದ ಮೇಲೆ ಹೆಂಡತಿ ಪದ್ಮಾ ಒಂದು ದಿನವೂ ಅದರಿಂದ ತಂಗಿಗೆ ಫೋನ್ ಮಾಡಿದ್ದಿಲ್ಲ.

ಆ ಗುರುವಾರ ಗದಗಿನ ಕಡೆಯ ಬಸವಲಿಂಗಪ್ಪ ಎಂಬವರು ಹೆಂಡತಿ ಸುಶೀಲಮ್ಮನನ್ನು ಕರೆದುಕೊಂಡು ಬರುವವರಿದ್ದರು. ಆಕೆಯ ಕಣ್ಣಿನ ನರದ ತೊಂದರೆಗೆ ಮರುದಿನ ಬೆಳಿಗ್ಗೆ ದೊಡ್ಡಾಸ್ಪತ್ರೆಯಲ್ಲಿ ಸರದಿ. ಇಬ್ಬರಿಗೂ ಹಿಂದಿ ಬಾರದು. ಮುಖ ನೋಡಿದವರಲ್ಲ, ಫೋನಿನ ಪರಿಚಯ ಅಷ್ಟೇ. ಟಿಕೆಟ್ ಇನ್ನೂ ವೇಟಿಂಗ್‌ನಲ್ಲಿದ್ದುದರಿಂದ ಬೋಗಿ ಯಾವುದೆಂದೂ ಗೊತ್ತಿರಲಿಲ್ಲ. ಜಗನ್ನಾಥರು ಎಲ್ಲರಿಗೂ ಹೇಳುವುದನ್ನೇ ಅವರಿಗೂ ಹೇಳಿದ್ದರು: ರೈಲಿನಲ್ಲಿ ಫೋನ್ ಆಫ್ ಮಾಡಿಡಿ, ಚಾರ್ಜ್ ಉಳಿಸಿ, ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಇಳಿದ ತಕ್ಷಣ ಕರೆ ಮಾಡಿ.

ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ, ಗಂಟೆ ಜೋರಾಗಿ ಕೇಳುತ್ತದೆಯೇ ಎಂದು ನೋಡಲು ಸ್ಮಾರ್ಟ್‌ಫೋನಿನಿಂದ ಆ ನಂಬರಿಗೆ ಕರೆ ಮಾಡಿದರು. ಗೂಡಿನ ಫೋನು ಸುಮ್ಮನಿತ್ತು. ಕಿವಿಯಲ್ಲಿ ಹೆಂಗಸಿನ ಇಂಪಾದ ದನಿಯೊಂದು, ಮೊದಲು ಹಿಂದಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಈ ನಂಬರು ಅಸ್ತಿತ್ವದಲ್ಲಿಲ್ಲ ಎಂದಿತು.

ಬಸವಲಿಂಗಪ್ಪನವರಿಗೆ ಮಾಡಿದರು. ಸ್ವಿಚ್ ಆಫ್. ತಮ್ಮದೇ ಬುದ್ಧಿವಾದ.

ಗಗನಾ ಸ್ಪೀಕರ್‌ನಲ್ಲಿ ಕಂಪನಿಯ ಸಹಾಯವಾಣಿ ಹಚ್ಚಿ, ಸಂಗೀತವನ್ನೆಲ್ಲ ಕೇಳಿ ಮುಗಿಸಿ, ಕೊನೆಗೆ ಕಾರಣ ತಿಳಿದುಕೊಂಡಳು. ಇಷ್ಟು ಕಾಲದಿಂದ ಒಂದು ಕರೆಯನ್ನೂ ಮಾಡದ ನಂಬರನ್ನು ಕಂಪನಿಯ ಕಂಪ್ಯೂಟರ್ ಅನುಮಾನದ ಪಟ್ಟಿಗೆ ಹಾಕಿತ್ತು. ಬಳಕೆಯಲ್ಲಿದ್ದರೆ ಒಂದು ಕರೆ ಮಾಡಿ ಖಚಿತಪಡಿಸಿ ಎಂದು ಮೆಸೇಜನ್ನೂ ಕಳಿಸಿತ್ತು. ಆದರೆ ಅದೇ ಕಂಪನಿ ಕಳಿಸಿದ ಲಾಟರಿ, ಕಾಲರ್ ಟ್ಯೂನ್, ಹಬ್ಬದ ಕೊಡುಗೆಗಳಿಂದ ಆ ಫೋನಿನ ಇನ್‌ಬಾಕ್ಸ್ ತುಂಬಿ, ಹೊಸ ಮೆಸೇಜು ಒಳಗೆ ಬರಲು ಜಾಗವೇ ಉಳಿದಿರಲಿಲ್ಲ. ಖಚಿತಪಡಿಸುವ ಕರೆ ಬಾರದ್ದರಿಂದ ನಂಬರು ರದ್ದಾಗಿತ್ತು.

"ಅಪ್ಪಾ, ಕಬ್ ಸೇ ಬೋಲ್ ರಹೀ ಹೂಂ, ಎಷ್ಟು ದಿನದಿಂದ ಹೇಳ್ತಿದೀನಿ, ನಂಬರನ್ನ ಬೇರೆ ಕಂಪನಿಗೆ ಪೋರ್ಟ್ ಮಾಡ್ಸಿ ಅಂತ," ಎಂದಳು ಗಗನಾ.

"ಎಲ್ಲರೂ ಅದೇ ಜಾತಿಯೋರೇ. ಎಲ್ಲಿಗೆ ಹೋದರೂ ಇದೇ ಹಾಡು," ಎಂದರು ಜಗನ್ನಾಥ.

ಪದ್ಮಾ ದೋಸೆ ಹೆಂಚನ್ನು ಇಳಿಸಿ ಬಂದು ಹೇಳಿದರು: "ನನ್ನ ತಂಗಿ ಜೊತೆ ಒಂದು ನಿಮಿಷ ಮಾತಾಡೋಕೂ ಬಿಡಲಿಲ್ಲ ನೀವು. ಮಾತಾಡಿದ್ದಿದ್ರೆ ನಂಬರು ಬದುಕಿರೋದು."

ಇದನ್ನು ಕೇಳಿ ಜಗನ್ನಾಥರ ಸಿಟ್ಟು ಇನ್ನಷ್ಟು ಏರಿತು. ಅರ್ಧ ದಿನ ರಜೆ ಹಾಕಿ ಡಿಸ್ಟ್ರಿಕ್ಟ್ ಸೆಂಟರ್ ಎಂಬ ಮಳಿಗೆಗಳ ಸಂಕೀರ್ಣದಲ್ಲಿದ್ದ ಕಂಪನಿಯ ಅಂಗಡಿಗೆ ಹೋದರು.

ಅಲ್ಲಿ ಕೌಂಟರಿನ ಹುಡುಗಿ ಗುರುತಿನ ಚೀಟಿ ನೋಡಿ, ಏನನ್ನೋ ಒತ್ತಿ, ತಲೆ ಎತ್ತಿದಳು. "ಅಂಕಲ್ ಜೀ, ಒಟಿಪಿ ಹೋಗಿದೆ. ಹೇಳಿ."

"ಯಾವ ನಂಬರಿಗೆ?"

"ಇದೇ ನಂಬರಿಗೆ."

"ನಂಬರು ಇಲ್ಲ ಅಂದವರೂ ನೀವೇ. ಇಲ್ಲದ ನಂಬರಿಗೆ ಒಟಿಪಿ ಕಳಿಸಿದವರೂ ನೀವೇ." ಜಗನ್ನಾಥರ ಹಿಂದಿ ಸಿಟ್ಟು ಬಂದಾಗ ಬಹಳ ಶುದ್ಧವಾಗಿಬಿಡುತ್ತಿತ್ತು. "ಇದನ್ನ ಯೋಚನೆ ಮಾಡಿದ ಮನುಷ್ಯ ಯಾರು, ತೋರಿಸಮ್ಮ. ಒಂದು ಸಲ ಅವನ ಮುಖ ನೋಡಬೇಕು."

ಸಿಸ್ಟಮ್ ಕೇಳುತ್ತಿದೆ, ತಾನೇನು ಮಾಡಲಿ ಎಂದಳು ಹುಡುಗಿ. ಮ್ಯಾನೇಜರ್ ನಾಳೆ ಬರುತ್ತಾರೆ. ಬೇಕಿದ್ದರೆ ಈಗಲೇ ಹೊಸದೊಂದು ಫ್ಯಾನ್ಸಿ ನಂಬರು ಕೊಡಬಹುದು, ಕೊನೆಯಲ್ಲೆಲ್ಲ ಏಳುಗಳೇ ಇವೆ.

ಜಗನ್ನಾಥರು ಮೇಜಿನ ಮೇಲೆ ಕೈ ಬಡಿದರು. ಹೊಸ ಮಾದರಿಗಳನ್ನು ತಿರುಗಿಸಿ ನೋಡುತ್ತಿದ್ದವರೆಲ್ಲ ಇತ್ತ ನೋಡಿದರು. "ಎಷ್ಟೋ ಜನರ ಹತ್ತಿರ ಈ ನಂಬರಿದೆ. ಹೊಸ ನಂಬರನ್ನ ಅವರಿಗೆಲ್ಲ ಹೋಗಿ ಹೇಗೆ ಹೇಳಲಿ? ಅವರು ಯಾರು ಅಂತಾನೇ ನನಗೆ ಗೊತ್ತಿಲ್ಲ."

ಹುಡುಗಿ ಕೌಂಟರಿನ ಮೇಲೆ ಮುಂದಕ್ಕೆ ಬಾಗಿದಳು. ಆಮೇಲೆ ದನಿ ತಗ್ಗಿಸಿ, ರದ್ದಾದ ನಂಬರನ್ನು ಬೇರೆಯವರಿಗೆ ಕೊಡುವ ತನಕ ಸ್ವಲ್ಪ ಕಾಲಾವಕಾಶ ಇರುತ್ತದೆ, ನಾಳೆ ಖಂಡಿತ ಬನ್ನಿ, ಮ್ಯಾನೇಜರ್ ಹತ್ತಿರ ಹೀಗೆಯೇ ಕೂಗಾಡಿ, ಮೆತ್ತಗೆ ಹೇಳಿದರೆ ಅವರು ಕೇಳುವುದಿಲ್ಲ ಎಂದಳು. ಜಗನ್ನಾಥರಿಗೆ ಅವಳ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಉಳಿದದ್ದನ್ನು ಹಾಗೇ ಹೊತ್ತುಕೊಂಡು ಮೆಟ್ರೊ ಹತ್ತಿದರು.

ದಾರಿಯುದ್ದಕ್ಕೂ ಬಸವಲಿಂಗಪ್ಪನವರ ಫೋನು ಸ್ವಿಚ್ ಆಫ್. ನಿಜಾಮುದ್ದೀನ್ ತಲುಪುವಷ್ಟರಲ್ಲಿ ರೈಲು ಬಂದು ಜನ ಇಳಿದಾಗಿತ್ತು. ಆಗ ಕರೆ ಮಾಡಿದರೆ ಎಂಗೇಜ್. ಮತ್ತೆ ಮಾಡಿದರು, ಮತ್ತೆ ಎಂಗೇಜ್. ಯಾರೊಡನೆ ಇಷ್ಟು ಮಾತಾಡುತ್ತಿದ್ದಾರೆ ಈ ಪುಣ್ಯಾತ್ಮರು ಎಂದು ಹಲ್ಲು ಕಚ್ಚಿಕೊಂಡು, ಪ್ಲಾಟ್‌ಫಾರಂ ಮೇಲಿದ್ದ ಪ್ರತಿ ವಯಸ್ಸಾದ ಜೋಡಿಯ ಮುಖ ನೋಡುತ್ತ ನಡೆದರು. ಗಂಟುಮೂಟೆಗಳ ನಡುವೆ ಮನುಷ್ಯರೆಲ್ಲ ಒಂದೇ ತರಹ ಕಾಣುತ್ತಿದ್ದರು.

ಕಣ್ಣಿಗಿಂತ ಮೊದಲು ಕಿವಿಗೆ ಸಿಕ್ಕಿತು. ನೀರಿನ ನಲ್ಲಿಯ ಆಚೆಯಿಂದ ಎತ್ತರದ ದನಿ:

"ಅವ್ವಾರ, ನಾವು ಇಳದೇವ್ರಿ. ಜಗನ್ನಾಥ ಸಾಹೇಬ್ರ ಕೈಯಾಗ ಒಂಚೂರು ಫೋನ್ ಕೊಡ್ರಿ."

ಬಿಳಿ ಪಂಚೆಯ ಮುದುಕರೊಬ್ಬರು ಫೋನನ್ನು ಬಾಯಿಯ ಮುಂದೆ ಹಿಡಿದು, ಪ್ರತಿ ಮಾತಿಗೂ ಸ್ವಲ್ಪ ಬಾಗುತ್ತ ಮಾತಾಡುತ್ತಿದ್ದರು. ಪಕ್ಕದಲ್ಲಿ ಕಪ್ಪು ಕನ್ನಡಕದ ಸುಶೀಲಮ್ಮ ರೊಟ್ಟಿಯ ಗಂಟನ್ನು ಎದೆಗವುಚಿಕೊಂಡು ಕೂತಿದ್ದರು. ಜಗನ್ನಾಥರು ಹತ್ತಿರ ಹೋಗಿ ಹೆಸರು ಹೇಳಿದರು. ಬಸವಲಿಂಗಪ್ಪ ಫೋನು ಇಳಿಸಿ ಕೈಮುಗಿದರು.

"ಬಂದ್ರ್ಯಾ? ಛಲೋ ಆತು. ನಾ ಆಗಿಂದ ನಿಮ್ಮ ಮನಿಯವ್ರಿಗೆ ಹೇಳಾಕತ್ತೇನ್ರಿ. ಸಮಾಧಾನದ ಹೆಣ್ಮಗಳು, ಸಿಟ್ಟೇ ಇಲ್ಲ. ಆದ್ರ ನಂದು ಒಂದೂ ಕೇಳವಲ್ರು, ತಮ್ಮದೇ ಹೇಳ್ತಾರ."

"ಅವರು ನನ್ನ ಹೆಂಡತಿ ಅಲ್ಲ," ಎಂದರು ಜಗನ್ನಾಥ. "ಅವರು ಕಂಪನಿಯವರು. ಯಾರ ಮಾತೂ ಕೇಳೋದಿಲ್ಲ."

ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ನಡೆದದ್ದನ್ನೆಲ್ಲ ಹೇಳಿದರು. ಬಸವಲಿಂಗಪ್ಪ ಹೆಂಡತಿಯ ಕೈ ಹಿಡಿದು ನಡೆಸುತ್ತ ಪೂರ್ತಿ ಕೇಳಿಸಿಕೊಂಡರು. ಅವರ ಮುಖ ಗಂಟಿಕ್ಕಿತು. ಊರಿನಲ್ಲಿ ಆ ನಂಬರನ್ನು ತಾವೂ ಒಂದಿಬ್ಬರಿಗೆ ಕೊಟ್ಟು ಬಂದಿರುವುದಾಗಿ ತಿಳಿಸಿದರು.

"ಸಾಹೇಬ್ರ, ನಾಳೆ ದವಾಖಾನಿ ಮುಗದ ಮ್ಯಾಲೆ ಆ ಅಂಗಡಿಗೆ ನಾನೂ ಬರ್ತೀನ್ರಿ," ಎಂದರು. "ನನಗ ಹಿಂದಿ ಬರೂದಿಲ್ಲ ಖರೆ. ಆದ್ರ ಗಂಟಲ ದೊಡ್ಡದೈತಿ."