ಸಿ.ಡಿ.ಯಲ್ಲಿ ಹಿಡಿಸದೆ ಹೋದದ್ದು

ಮೊನ್ನೆ ಬಿಸಿಲಿಗೆ ಹೆದರಿ ಗೋಕುಲಂನ ಕಾಫಿ ಅಂಗಡಿಯೊಂದಕ್ಕೆ ನುಗ್ಗಿದೆ. ಒಳಗೆ ನಮ್ಮ ಯಜಮಾನರ ಪಿಯಾನೊ ಕೇಳಿಸುತ್ತಿತ್ತು. ಅವರು ತೀರಿಕೊಂಡು ವರ್ಷವಾಗಿದೆ. ಅಂಗಡಿಯವನು ಯಾವುದೋ ಹಳೆಯ ಜಾಝ್ ಆಲ್ಬಮ್ ಎಂದು ಹಾಕಿದ್ದ. ಅದು ನಮ್ಮೂರಿನದೇ ಎಂದು ಅವನಿಗೇನು ಗೊತ್ತು, ಪಾಪ.

ಜಾಝ್ ನನಗೆ ತಿಳಿಯುತ್ತದೆ ಅಂದುಕೊಳ್ಳಬೇಡಿ. ಮೊದಲ ಸಲ ಕೇಳಿದಾಗ, "ಶ್ರುತಿ ಮಾಡ್ಕೊಂಡಿದ್ದು ಸಾಕು, ಕಚೇರಿ ಶುರು ಮಾಡ್ರೀ" ಎಂದು ಒಳಗಿನಿಂದ ಕೂಗಿದವಳು ನಾನು. ಇವರು ಪಿಯಾನೊ, ಇವರ ಬ್ಯಾಂಕಿನ ಗೆಳೆಯರೊಬ್ಬರು ಡ್ರಮ್ಸ್, ಆಳೆತ್ತರದ ತಂತಿವಾದ್ಯ ಬೇಸ್ ನುಡಿಸುವವನು ಡೇವಿಡ್. ಏನನ್ನೂ ಬರೆದಿಟ್ಟುಕೊಳ್ಳದೆ, ಆ ಗಳಿಗೆಗೆ ಹೊಳೆದದ್ದನ್ನೇ ನುಡಿಸುವರು. ಭಾನುವಾರ ನಮ್ಮ ಮನೆಯಲ್ಲೇ ಅಭ್ಯಾಸ. ಡೇವಿಡ್ ಮೊದಲು ಅಡುಗೆಮನೆಗೇ ಬರುವನು. "ಅತ್ತಿಗೆ, ಉಪ್ಪಿಟ್ಟು ತಳ ಹಿಡಿದಿರೋದು ನನಗೇ ಇಡಿ."

ಒಮ್ಮೆ ಜನರೆದುರು ನುಡಿಸಿದ್ದನ್ನು ಮುದ್ರಿಸಿಕೊಂಡು ಆಲ್ಬಮ್ ಮಾಡಿದರು. ಆ ಸಂಜೆ ಡೇವಿಡ್ ಒಬ್ಬನೇ ಬಹಳ ಹೊತ್ತು ನುಡಿಸಿದ. ಕಡಲೆಕಾಯಿ ಬಿಡಿಸುತ್ತಿದ್ದ ನನ್ನ ಕೈಯೂ ನಿಂತಿತ್ತು. ಆದರೆ ಸಿ.ಡಿ.ಯಲ್ಲಿ ಎಲ್ಲ ಹಿಡಿಸುವುದಿಲ್ಲವೆಂದು ಇವರು ಆ ಭಾಗವನ್ನೇ ತೆಗೆಸಿಬಿಟ್ಟರು. ಡೇವಿಡ್‌ಗೆ ಗೊತ್ತಾದದ್ದು ಸಿ.ಡಿ. ಕೈಗೆ ಬಂದ ಮೇಲೆ. ಪೂರ್ತಿ ಕೇಳಿದ, ಎದ್ದು ಹೋದ. ಮತ್ತೆ ನಮ್ಮ ಮನೆಗೆ ಬರಲೇ ಇಲ್ಲ.

ಇವರಿಗೂ ಹಠ. "ನಾನ್ಯಾಕೆ ಹೋಗ್ಲಿ? ನಂದೂ ಕತ್ತರಿಸಿದ್ದೀನಲ್ಲ" ಅನ್ನುವರು. ಆದರೆ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಡೇವಿಡ್‌ನ ಆ ಭಾಗವನ್ನೇ ಗುನುಗುವರು. ಮೂಲ ಧ್ವನಿಮುದ್ರಣ ಎಂದೋ ಅಳಿಸಿಹೋಗಿತ್ತು. ಕೇಳಿ ಕೇಳಿ ಅದು ನನಗೂ ಬಾಯಿಪಾಠವಾಯಿತು.

ಅಂಗಡಿಯಿಂದ ಎದ್ದವಳು ಆಟೊ ಹಿಡಿದು ನೇರ ಡೇವಿಡ್ ಮನೆಗೇ ಹೋದೆ. ಅವನ ತಲೆ ಪೂರ್ತಿ ನೆರೆತಿದೆ. "ಬನ್ನಿ ಅತ್ತಿಗೆ" ಎಂದ, ನಿನ್ನೆ ತಾನೇ ಕಂಡವನಂತೆ. ಕೂತವಳು ನಾಚಿಕೆ ಬಿಟ್ಟು ಗುನುಗಿದೆ.

"ಚೆನ್ನಾಗಿದೆ. ಯಾರ್ದು?"

"ನಿಂದೇ ಕಣಪ್ಪ! ಇವರು ತೆಗೆಸಿಬುಟ್ರಲ್ಲ, ಅದು. ದಿನಾ ಗುನುಗ್ತಿದ್ರು."

ಅವನು ನನ್ನನ್ನೇ ನೋಡಿದ. "ನನಗೆ ನೆನಪೇ ಇಲ್ಲ ಅತ್ತಿಗೆ. ಆವಾಗ ಬಂತು, ಹೊರಟೋಯ್ತು." ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಹೇಳಿದ: "ತೆಗೆದಿದ್ದಕ್ಕೆ ಬೇಜಾರಿರ್ಲಿಲ್ಲ. ನನ್ನನ್ನ ಒಂದು ಮಾತು ಕೇಳ್ಬೋದಿತ್ತು."

ಒಂದು ಮಾತು.

"ಇನ್ನೊಂದ್ಸಲ ಅನ್ನಿ" ಎಂದ. ಅಂದೆ. ಅವನ ಬೆರಳುಗಳು ಕುರ್ಚಿಯ ಕೈ ಮೇಲೆ ಮೆಲ್ಲಗೆ ಜೊತೆ ಕೊಡತೊಡಗಿದವು. ಇವರು ಇಷ್ಟು ವರ್ಷ ಒಬ್ಬರೇ ಗುನುಗಿದರಲ್ಲ ಎನಿಸಿ ನಾನು ನಡುವೆಯೇ ಎಳೆ ತಪ್ಪಿದೆ. ಡೇವಿಡ್ ನಿಲ್ಲಿಸಲಿಲ್ಲ, ನಾನು ಸುಧಾರಿಸಿಕೊಂಡು ಸೇರಿಕೊಳ್ಳಲೆಂದು ಹಾಗೇ ನುಡಿಸುತ್ತಿದ್ದ.