ಫೋಟೋದವರ ಮೀಸೆ
ಈ ಬೀದಿಯ ಫೋಟೋ ಸ್ಟುಡಿಯೋದವರಷ್ಟು ಒಣಜಂಬದ ಮನುಷ್ಯ ಹುಡುಕಿದರೂ ಸಿಗುವುದಿಲ್ಲ. ಬಂದವರಿಗೆಲ್ಲ "ಹಲ್ಲು ಕಾಣ್ಲಿ, ಇನ್ನೂ ಸ್ವಲ್ಪ ನಗಿ" ಎಂದು ಗದರುವ ಈ ಐವತ್ತರ ಗೃಹಸ್ಥರು ತಮ್ಮ ಸೊಟ್ಟ ಹಲ್ಲು ಮುಚ್ಚಲೆಂದೇ ಪೊರಕೆಯಂಥ ಮೀಸೆ ಬೆಳೆಸಿದ್ದರು. ಹಲ್ಲಿನ ಡಾಕ್ಟರಮ್ಮನ ಮುಂದೆ ಎರಡು ವರ್ಷ ಒಂದೇ ರಾಗ: ವೆನೀರೋ, ತಂತಿಯೋ? ವೆನೀರಾದರೆ ಹಲ್ಲನ್ನು ಸವೆಸಿ ಮೇಲೊಂದು ತೆಳು ಪದರ ಅಂಟಿಸುತ್ತಾರೆ, ಹದಿನೈದು ದಿನದಲ್ಲಿ ಮುಗಿಯುತ್ತದೆ. ಹಲ್ಲನ್ನು ಎಳೆದು ನೆಟ್ಟಗೆ ಮಾಡುವ ತಂತಿಗೆ ಒಂದೂವರೆ ವರ್ಷ, ಊರೆಲ್ಲ ನೋಡುತ್ತದೆ. "ಈ ವಯಸ್ಸಲ್ಲಿ ಯಾರಿಗೆ ತೋರಿಸ್ಬೇಕ್ರೀ?" ಎಂದು ಹೆಂಡತಿ ಛೇಡಿಸಿದರೆ, "ಕನ್ನಡಿಗೆ" ಎನ್ನುವರು. ಕೊನೆಗೆ ಕಸುಬೇ ತೀರ್ಪು ಕೊಟ್ಟಿತು: "ವೆನೀರು ಅಂದ್ರೆ ಫೋಟೋಗೆ ಟಚಪ್ ಮಾಡಿದಂಗೆ. ಸೊಟ್ಟ ಕೂತವನನ್ನ ಮೊದಲು ನೆಟ್ಟಗೆ ಕೂರಿಸ್ಬೇಕು, ಡಾಕ್ಟ್ರೇ." ತಂತಿ ಬಿಗಿಸಿಕೊಂಡ ಮೇಲೆ ಮೀಸೆ ತುಟಿ ದಾಟಿ ಇಳಿಯಿತು, ಮಾತು ಹೂಂ, ಊಹೂಂಗೆ ಬಂದು ನಿಂತಿತು; ಹೆಂಡತಿ, ಡಾಕ್ಟರಮ್ಮ ಬಿಟ್ಟು ಮೂರನೆಯವರಿಗೆ ಸುಳಿವಿಲ್ಲ. ಮೊನ್ನೆ ಶಾಲೆಯೊಂದರಲ್ಲಿ ಮಕ್ಕಳ ಫೋಟೋ ತೆಗೆಯುವಾಗ, ಹಲ್ಲಿಗೆ ತಂತಿ ಹಾಕಿಸಿಕೊಂಡ ಹುಡುಗಿಯೊಬ್ಬಳು ಏನು ಮಾಡಿದರೂ ತುಟಿ ಬಿಚ್ಚಲೊಲ್ಲಳು. "ಎಲ್ರೂ ಆಡ್ಕೋತಾರೆ, ಅಂಕಲ್" ಎಂದಳು. ಹಿಂದಿನ ಸಾಲು ಆಗಲೇ ಕಿಸಕ್ಕೆನ್ನುತ್ತಿತ್ತು. ಅವರು ಕ್ಯಾಮೆರಾದ ಹಿಂದಿನಿಂದ ತಲೆಯೆತ್ತಿದರು. ಇಡೀ ತರಗತಿಯೆದುರು ಮೀಸೆಯನ್ನು ಎರಡು ಬೆರಳಲ್ಲಿ ಪರದೆಯಂತೆ ಮೇಲೆತ್ತಿ, ತಂತಿ ಫಳಫಳಿಸುವಂತೆ ಹಲ್ಲು ಕಿರಿದು, ಇನ್ನೊಂದು ಕೈಯಲ್ಲಿ ಗುಂಡಿ ಒತ್ತಿದರು.