ಏನೂ ಮೊಳೆಯದ ತಟ್ಟೆ

ಬುರುಲ್ಚಾಳನ್ನು ನಾನು ಮೊದಲು ಕಂಡದ್ದು ಬಿಷ್ಕೆಕ್‌ನಲ್ಲಿ, ನೆರೆಮನೆಯ ಮದುವೆಯಲ್ಲಿ; ಅಂಗಳದ ಉಣ್ಣೆಗುಡಾರದ ಗಳುಗಳನ್ನು ಆಕೆ ಒಂದೊಂದಾಗಿ ಕಿತ್ತು, ಮತ್ತೆ ಸಿಕ್ಕಿಸಿ ನೋಡುತ್ತಿದ್ದಳು. "ಏನಮ್ಮಾ ಇದು?" ಎಂದೆ. "ಮೇಷ್ಟ್ರೇ, ಕ್ಷಯದ ಕ್ರಿಮಿನೂ ಹಿಂಗೇ ಒಂದು ಗುಡಾರ. ಏನು ತೆಗೆದ್ರೆ ಬೀಳತ್ತೆ ಅಂತ ಹುಡುಕೋದೇ ನನ್ನ ಕೆಲ್ಸ. ಹೊಸ ಔಷಧಿ ಅಲ್ಲಿಗೇ ಹೊಡೀಬೇಕು!" ಎನ್ನುತ್ತಾ ಗೋಡೆಯ ಸುತ್ತ ಬಿಗಿದಿದ್ದ ಪಟ್ಟಿಯನ್ನು ಬಿಚ್ಚಿದಳು. ಗುಡಾರ ಬೀಗರ ಮೇಲೆ ಕುಸಿಯಿತು. "ಸಿಕ್ತು!" ಎಂದು ಕುಣಿದಳು. ಪ್ರಯೋಗಾಲಯದಲ್ಲಿಯೂ ಹಾಗೆಯೇ: ಕ್ರಿಮಿಯ ಒಂದೊಂದು ಜೀನನ್ನೂ ಕೆಡಿಸಿ ವಾರಗಟ್ಟಲೆ ಕಾಯುವಳು, ಅದು ಮತ್ತೆ ಬೆಳೆದರೆ, "ಮುಂಡೇದೇ, ಇದಿಲ್ದೇನೂ ಬದುಕ್ತೀಯಾ!" ಎಂದು ಗಾಜಿನ ತಟ್ಟೆಯನ್ನೇ ಬೈಯುವಳು. ಏನೂ ಮೊಳೆಯದಿದ್ದರೆ ಬೀದಿಗೆಲ್ಲ ಬೋರ್ಸೋಕ್ ಎಂಬ ಹಿಟ್ಟಿನ ತಿಂಡಿಯನ್ನು ಬಿಸಿಬಿಸಿ ಕರಿದು ಹಂಚುವಳು. ಬೆಳೆ ಬಾರದ್ದಕ್ಕೆ ಹಬ್ಬ ಮಾಡುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅವಳ ತಮ್ಮ ತಿಲೆಕ್‌ನ ಕ್ಷಯಕ್ಕೆ ಈಗಿರುವ ಯಾವ ಔಷಧವೂ ನಾಟುತ್ತಿಲ್ಲವೆಂದು ನನಗೆ ತಿಳಿದದ್ದು ಬಹಳ ತಡವಾಗಿ. "ಹೊಸಾದು ಬರೋಕೆ ವರ್ಷಗಳೇ ಬೇಕು, ಗೊತ್ತು ಮೇಷ್ಟ್ರೇ. ಆದ್ರೂ ಹೊಡೆಯೋಕೆ ಇನ್ನೊಂದು ಜಾಗ ಸಿಕ್ತು ಅಂತ ಅವ್ನಿಗೆ ಹೇಳ್ಬೇಡ್ವಾ?" ಎನ್ನುತ್ತಾಳೆ. ಈಗೀಗ ತಟ್ಟೆ ಬರಿದಾಗಿ ಉಳಿದ ದಿನ ಆಕೆ ಆಸ್ಪತ್ರೆಯ ಕಿಟಕಿಯ ಕೆಳಗೆ ನಿಂತು ಕುಣಿಯುತ್ತಾಳೆ; ಮೇಲೆ, ಗಾಜಿನ ಹಿಂದೆ, ತಿಲೆಕ್ ಕೆಮ್ಮುತ್ತಲೇ ತಾಳ ಹಾಕುತ್ತಾನೆ.